ಮೀಡಿಯಮ್ಮನ ಸೊಂಟದ ಅಳತೆ

ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು, ಇಲ್ಲವೆಂದಲ್ಲ. ಆದರೆ ಆ ಬಟ್ಟೆ ಕಾರ್ಖಾನೆಯಲ್ಲಿ ಗೇಟಿನವನಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಅವಳು ಮೀಡಿಯಮ್ಮ. ಕೆಲಸವೇ ಅಂಥದ್ದು. ಹೆಂಗಸರ ಸ್ಕರ್ಟು, ಪ್ಯಾಂಟು, ಅಂಗಿ ಯಾವುದೇ ಹೊಸ ಮಾದರಿ ಬರಲಿ, ಮೊದಲು ಹೊಲಿದ ಒಂದನ್ನು ಅವಳಿಗೆ ತೊಡಿಸಿ ನೋಡಬೇಕು. ಅವಳ ಮೈಗೆ ಸರಿಯಾಗಿ ಕೂತರೆ ಅದೇ ಮೀಡಿಯಂ ಸೈಜು. ಅದರಿಂದ ಇಳಿಸಿದರೆ ಸ್ಮಾಲು, ಏರಿಸಿದರೆ ಲಾರ್ಜು. ಎದೆ ಮೂವತ್ತಾರು, ಸೊಂಟ ಮೂವತ್ತು, ಅದರ ಕೆಳಗೆ ಮೂವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಅಷ್ಟೇ. ಎಲ್ಲೆಲ್ಲಿಯದೋ ಅಂಗಡಿಗಳ ಕನ್ನಡಿ ಮುಂದೆ ನಿಂತು "ಪರವಾಗಿಲ್ಲ, ಚೆನ್ನಾಗಿ ಕೂತಿದೆ" ಎಂದುಕೊಂಡ ಸಾವಿರಾರು ಹೆಂಗಸರಿಗೆ ಇವಳು ಯಾರೆಂದೇ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದದ್ದೂ ಏನಿಲ್ಲ ಬಿಡಿ.

ಮಾದರಿ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಮೂರು ಕಡೆ ಕನ್ನಡಿ, ನಡುವೆ ಒಂದಡಿ ಎತ್ತರದ ಮರದ ಪೀಠ. ಅವಳು ಪೀಠ ಹತ್ತಿ ನಿಂತರೆ ಕಟಿಂಗ್ ಮಾಸ್ಟರ್ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಸುತ್ತಲೂ ಒಂದು ಸುತ್ತು ಬರುತ್ತಿದ್ದರು. ನಲವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ, ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಮಾತು ಕಡಿಮೆ, ಬಾಯಲ್ಲಿ ಸೂಜಿ ಇಟ್ಟುಕೊಂಡವರು ಮಾತಾಡುವುದಾದರೂ ಹೇಗೆ? "ಕೈ ಎತ್ತಿ." "ತಿರುಗಿ." "ಉಸಿರು ಬಿಡಿ." ಮುಗಿಯಿತು. ದಿನಕ್ಕೆ ಮೂವತ್ತು ಸಲ ಯಾರದಾದರೂ ಕೈ ಅವಳ ಭುಜಕ್ಕೋ ಸೊಂಟಕ್ಕೋ ತಾಗುತ್ತಿತ್ತು. ಎಲ್ಲವೂ ಬಟ್ಟೆಯನ್ನು ಮುಟ್ಟುವ ಕೈಗಳು. ಒಳಗೊಬ್ಬ ಹೆಂಗಸಿದ್ದಾಳೆ ಎನ್ನುವುದು ಅವರಿಗೆ ಮರೆತೇ ಹೋಗಿತ್ತು, ನಿಜ ಹೇಳಬೇಕೆಂದರೆ ಅವಳಿಗೂ ಅರ್ಧ ಮರೆತಿತ್ತು.

ಮದುವೆಯಾಗಿರಲಿಲ್ಲ. ಒಂದೆರಡು ಕಡೆ ಮಾತು ಬಂದಿತ್ತು, ಮುರಿದಿತ್ತು, ಆಮೇಲೆ ಬರುವುದೂ ನಿಂತಿತು. "ಒಂದು ಹೆತ್ತಿದ್ರೆ ಸಾಕು, ಮೀಡಿಯಂ ಹೋಗಿ ಎಕ್ಸ್‌ಟ್ರಾ ಲಾರ್ಜ್ ಆಗ್ತಿದ್ದೆ" ಎಂದು ಹೊಲಿಗೆ ಸಾಲಿನ ಹೆಂಗಸರನ್ನು ನಗಿಸುತ್ತಿದ್ದಳು. ನಗು ಮುಗಿದ ಮೇಲೆ ಅವರು ಮಕ್ಕಳ ವಿಷಯಕ್ಕೆ ಹೋಗುತ್ತಿದ್ದರು, ಇವಳು ಕೈ ತೊಳೆಯಲು ಹೋಗುತ್ತಿದ್ದಳು. ಮನೆಯೆಂದರೆ ಮೂರನೇ ಮಹಡಿಯಲ್ಲೊಂದು ಕೋಣೆ, ಒಂದು ಒಲೆ, ಎರಡು ಕುರ್ಚಿ. ಎರಡನೇ ಕುರ್ಚಿಯ ಮೇಲೆ ಇಸ್ತ್ರಿಯಾಗದ ಬಟ್ಟೆ ಕೂರುತ್ತಿತ್ತು. ಒಬ್ಬಳೇ ತಂಗಿ, ದೂರದ ಊರಲ್ಲಿ ಗಂಡ ಮಕ್ಕಳೊಂದಿಗೆ. ಭಾನುವಾರಕ್ಕೊಂದು ಫೋನು, ಅದರಲ್ಲಿ ಮುಕ್ಕಾಲು ಪಾಲು ತಂಗಿಯ ಅತ್ತೆಯ ಮಂಡಿ ನೋವು.

ಅವಳಿಗೆ ಇದ್ದದ್ದು ಆ ಪೀಠ ಒಂದೇ. ಅಳತೆ ಕೆಡದಂತೆ ಮೈಯನ್ನು ಕಾಯುತ್ತಿದ್ದಳು. ಸಿಹಿ ಮುಟ್ಟುತ್ತಿರಲಿಲ್ಲ, ರಾತ್ರಿ ಅರ್ಧ ಹೊಟ್ಟೆ, ಮೆಟ್ಟಿಲು ಹತ್ತಿಯೇ ಮೇಲೆ ಹೋಗುವುದು. ಕಾರ್ಖಾನೆಯ ನಿಯಮದ ಪ್ರಕಾರ ತಿಂಗಳ ಮೊದಲ ಶನಿವಾರ ಅವಳ ಮೈಯನ್ನೇ ಟೇಪು ಹಿಡಿದು ಅಳೆದು ಗೋಡೆಯ ಪಟ್ಟಿಯಲ್ಲಿ ಬರೆಯಬೇಕು. ಮೊದಮೊದಲು ಅಳೆದರು. ವರ್ಷಗಟ್ಟಲೆ ಅದೇ ಅಂಕಿ ಬಂದಾಗ ಮಾಸ್ಟರ್ ಅಳೆಯುವುದನ್ನೇ ಬಿಟ್ಟು ಹಿಂದಿನ ತಿಂಗಳದ್ದನ್ನೇ ಇಳಿಸಿದರು. "ಟೇಪು ಹಳೇದಾದ್ರೆ ಹಿಗ್ಗುತ್ತೆ, ಈಯಮ್ಮ ಹಿಗ್ಗಲ್ಲ" ಎಂದು ಅವರು ಒಮ್ಮೆ ಹೇಳಿದ್ದರು. ಆ ಮಾತನ್ನು ಅವಳು ಬಿರುದಿನ ಹಾಗೆ ಇಟ್ಟುಕೊಂಡಿದ್ದಳು.

ಐವತ್ತಮೂರು ತುಂಬಿದ ಮೇಲೆ ಅವಳ ಹೊಟ್ಟೆ ಉಬ್ಬರಿಸತೊಡಗಿತು. ಮುಟ್ಟು ನಿಂತು ಎರಡು ವರ್ಷವಾಗಿತ್ತು, ಹಾಗಾಗಿ ಎಲ್ಲವನ್ನೂ ಅದರ ತಲೆಗೆ ಕಟ್ಟಿದಳು. ಸಂಜೆ ಹೊತ್ತಿಗೆ ಹೊಟ್ಟೆ ಬಿಗಿದು ಕಲ್ಲಾಗುತ್ತಿತ್ತು. ತಟ್ಟೆಗೆ ಬಡಿಸಿಕೊಂಡರೆ ಎರಡು ತುತ್ತಿಗೇ ಸಾಕು ಸಾಕು. ಕೆಳಬೆನ್ನಿನಲ್ಲಿ, ಕೆಳಹೊಟ್ಟೆಯಲ್ಲಿ ಒಂದು ಜಗ್ಗುವ ನೋವು. ಪೀಠದ ಮೇಲೆ ಅರ್ಧ ಗಂಟೆ ನಿಲ್ಲುವುದರೊಳಗೆ ಎರಡು ಸಲ ಬಚ್ಚಲಿಗೆ ಓಡಬೇಕು. "ಏನ್ ಮೀಡಿಯಮ್ಮ, ಒಳಗೆ ನಲ್ಲಿ ಸೋರ್ತಿದ್ಯಾ?" ಎಂದು ಹೆಂಗಸರು ಕಿಚಾಯಿಸಿದರು. ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬುದ್ಧಿವಂತಿಕೆ ನೋಡಿ!

ಔಷಧಿ ಅಂಗಡಿಯವನನ್ನು ಕೇಳಿದಳು. ಅವನು ತಲೆ ಎತ್ತದೆ "ಗ್ಯಾಸು" ಎಂದು ಒಂದು ಪಟ್ಟಿ ಮಾತ್ರೆ ಕೊಟ್ಟ. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು "ಗ್ಯಾಸ್ ಅಲ್ಲ, ಅಸಿಡಿಟಿ" ಎಂದರು. ಅಳಿಯ ಅಲ್ಲ, ಮಗಳ ಗಂಡ! ಮಂಚದ ಮೇಲೆ ಮಲಗಿಸಿ ಹೊಟ್ಟೆಯ ಮೇಲೊಂದು ಕೈ ಇಟ್ಟು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ತಂಗಿ ಫೋನಿನಲ್ಲಿ, "ವಯಸ್ಸಾಯ್ತಲ್ಲೇ ಅಕ್ಕ, ಹೊಟ್ಟೆ ಬರದೆ ಇನ್ನೇನು ಕಿರೀಟ ಬರುತ್ತಾ?" ಎಂದು ನಕ್ಕಳು. ಇವಳೂ ನಕ್ಕಳು. ಫೋನಿಟ್ಟ ಮೇಲೆ ರಾತ್ರಿಯ ಅರ್ಧ ಹೊಟ್ಟೆಯನ್ನು ಕಾಲು ಹೊಟ್ಟೆ ಮಾಡಿಕೊಂಡಳು. ಹೊಟ್ಟೆ ಇಳಿಯಲಿಲ್ಲ.

ಮೊದಲ ಸಲ ಸ್ಕರ್ಟಿನ ಗುಂಡಿ ಕೂಡದಿದ್ದಾಗ ಅವಳ ಮುಖ ಬಿಳಿಚಿಕೊಂಡಿತು. ಮಾಸ್ಟರ್ ಬಾಯಿಂದ ಸೂಜಿ ತೆಗೆದು, "ಬಟ್ಟೆ ನೀರಿಗೆ ಕುಗ್ಗಿದೆ" ಎಂದರು. ಪ್ರತಿ ಮಾದರಿಯ ಅಳತೆಯನ್ನು ತಾರೀಕಿನೊಂದಿಗೆ ಬರೆದಿಡುವ ನಮೂನೆಯ ಕಾರ್ಡಿನಲ್ಲಿ ಸೊಂಟಕ್ಕೆ ಕಾಲಿಂಚು ಹೆಚ್ಚಿಗೆ ಬಿಟ್ಟರು. ಎರಡು ತಿಂಗಳ ಮೇಲೆ ಇನ್ನೊಂದು ಮಾದರಿಗೆ "ದಾರ ಬಿಗಿಯಾಯ್ತು" ಎಂದು ಅರ್ಧ ಇಂಚು. ಮತ್ತೊಂದಕ್ಕೆ ಮುಕ್ಕಾಲು. ಹೀಗೇ ಏರುತ್ತ ಹೋಯಿತು. ಅವಳಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. ತನ್ನ ತಪ್ಪಲ್ಲ, ಬಟ್ಟೆಯದು, ದಾರದ್ದು! ಮನಸ್ಸಿಗೆ ಬೇಕಾದ್ದನ್ನು ನಂಬುವುದಕ್ಕೆ ಸಾಕ್ಷಿ ಯಾರು ಕೇಳುತ್ತಾರೆ?

ಒಂಬತ್ತನೇ ತಿಂಗಳಿಗೆ ಸರಕು ಹಿಂದಕ್ಕೆ ಬಂತು. ನಾಲ್ಕು ಸಾವಿರ ಸ್ಕರ್ಟು. ಶುಕ್ರವಾರ ಮಧ್ಯಾಹ್ನ ಮ್ಯಾನೇಜರ್ ಒಂದನ್ನು ಹಿಡಿದುಕೊಂಡು ಮಾದರಿ ಕೋಣೆಗೆ ನುಗ್ಗಿದರು.

"ಯಾರ ಸೊಂಟದಲ್ಲೂ ನಿಲ್ತಿಲ್ವಂತೆ! ನಡೆದ್ರೆ ಜಾರುತ್ತಂತೆ! ಕೆಳಗೆ ಸರಿ, ಉದ್ದ ಸರಿ, ಸೊಂಟ ಮಾತ್ರ ಗೋಣಿಚೀಲ. ಇಲ್ಲಿ ಯಾರದೋ ಅಳತೆ ಕೆಟ್ಟಿದೆ. ಯಾರದು ಅಂತ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನಗೆ ಗೊತ್ತಾಗಬೇಕು. ಆ ಮನುಷ್ಯ ಹತ್ತೂವರೆಗೆ ಮನೆಗೆ ಹೋಗ್ಬೇಕು, ಅಷ್ಟೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಮ್ಯಾನೇಜರ್ ನೋಡಿದ್ದು ಮಾಸ್ಟರನ್ನು.

ಆ ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲ. ಕಿಟಕಿಯಿಂದ ಕೆಳಗೆ ಬೀದಿ ಕಾಣುತ್ತಿತ್ತು. ಜನ ಇಬ್ಬಿಬ್ಬರಾಗಿ, ಮೂವರು ಮೂವರಾಗಿ ಹೋಗುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಮಾಸ್ಟರ್ ನಲವತ್ತು ವರ್ಷದ ಹೆಸರು ಕಳೆದುಕೊಂಡು ಹೋಗುತ್ತಾರೆ. ಬಾಯಿ ಬಿಟ್ಟರೆ ಪೀಠ ಹೋಗುತ್ತದೆ. ಪೀಠ ಹೋದರೆ ತಾನು ಯಾರು? ಐವತ್ತಮೂರರ ಒಬ್ಬ ಹೆಂಗಸು, ಯಾವ ಅಳತೆಗೂ ಸಲ್ಲದವಳು, ಹೇಳೋರಿಲ್ಲ ಕೇಳೋರಿಲ್ಲ. ತಂಗಿಗೆ ಫೋನು ಮಾಡಿದಳು. ತಂಗಿ ಯಾರದೋ ಮನೆಯಲ್ಲಿದ್ದಳು, ಹಿಂದೆ ಗದ್ದಲವಿತ್ತು, "ಆಮೇಲೆ ಮಾಡ್ತೀನಿ ಕಣೇ" ಎಂದಳು. ಸಂಜೆಯವರೆಗೆ ಕಾದಳು, ಫೋನು ಬರಲಿಲ್ಲ. ಕುರ್ಚಿಯ ಮೇಲಿನ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ಮಡಿಸಿಟ್ಟಳು, ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

ಸೋಮವಾರ ಹತ್ತಕ್ಕೆ ಮ್ಯಾನೇಜರ್ ಬಂದರು. ಅವರು ಕೇಳುವ ಮೊದಲೇ ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲಿಟ್ಟರು.

"ನನ್ನದೇ ತಪ್ಪು ಸಾರ್. ಕಣ್ಣು ಮಂಜಾಗಿದೆ. ಕತ್ತರಿ ಹಾದಿ ತಪ್ತು."

ಎಂಥ ಸುಳ್ಳು! ಆ ಕಣ್ಣು ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣು. ಮೀಡಿಯಮ್ಮನಿಗೆ ಕಿವಿಯವರೆಗೆ ಬಿಸಿಯೇರಿತು. ಪೀಠ ಹತ್ತಿ ನಿಂತಳು.

"ಅವರ ಕತ್ತರಿ ತಪ್ಪಿಲ್ಲ. ನನ್ನನ್ನ ಅಳೀರಿ," ಎಂದಳು. "ಬಟ್ಟೇನಲ್ಲ. ನನ್ನನ್ನ."

ಮಾಸ್ಟರ್ ಅಲುಗಾಡಲಿಲ್ಲ. ಮ್ಯಾನೇಜರ್ ಹೊಲಿಗೆ ಸಾಲಿನಿಂದ ಒಬ್ಬ ಹೆಂಗಸನ್ನು ಕರೆದರು. ಅವಳು ಟೇಪು ಸುತ್ತಿ ಅಂಕಿ ಕೂಗಿದಳು, ಮ್ಯಾನೇಜರ್ ಗೋಡೆಯ ಪಟ್ಟಿಯ ಪಕ್ಕ ಬರೆದರು. ಸೊಂಟ ಮೂವತ್ತನಾಲ್ಕು. ನಾಲ್ಕು ಇಂಚು! ಹೊಲಿಗೆಯವಳ ಬಾಯಿಂದ "ಅಯ್ಯಮ್ಮಾ" ಎಂದು ಬಂದೇಬಿಟ್ಟಿತು. ಆದರೆ ತೋಳು ಹನ್ನೊಂದಿದ್ದದ್ದು ಹತ್ತು. ಭುಜ ಅರ್ಧ ಇಂಚು ಕಡಿಮೆ. ತೊಡೆ ಒಂದೂವರೆ ಕಡಿಮೆ.

"ಏನ್ರೀ ಇದು, ಹೀಗೆ ದಪ್ಪ ಆಗೋತನಕ ಸುಮ್ನಿದ್ರಾ?" ಎಂದು ಮ್ಯಾನೇಜರ್ ಗದರಿದರು.

ಅವಳು ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಮೂರು ಕನ್ನಡಿಯಲ್ಲಿ ಮೂರು ಮೀಡಿಯಮ್ಮಂದಿರು ಕಾಣುತ್ತಿದ್ದರು. ಬೇರೆಯವರ ಮೈಗೆ ಬಟ್ಟೆ ಹೇಗೆ ಕೂರುತ್ತದೆಂದು ಇಪ್ಪತ್ತೆರಡು ವರ್ಷ ತಲೆ ಕೆಡಿಸಿಕೊಂಡವಳು ಮೊದಲ ಸಲ ತನ್ನ ಮೈ ನೋಡಿದಳು. ದಪ್ಪ ಆದವಳ ತೋಳು ಸಣ್ಣ ಆಗುವುದುಂಟೇ? ತಿನ್ನುವುದು ಕಾಲು ಹೊಟ್ಟೆ, ಬೆಳೆದದ್ದು ಹೊಟ್ಟೆ ಒಂದೇ. ಮೈಯೆಲ್ಲ ಕರಗಿ ಅಲ್ಲಿ ಏನೋ ಸೇರಿಕೊಳ್ಳುತ್ತಿದೆ. ಅವಳಿಗೆ ಹೆದರಿಕೆಯಾಯಿತು.

"ನಾನು ದಪ್ಪ ಆಗಿಲ್ಲ ಸಾರ್," ಎಂದಳು. "ನನಗೇನೋ ಆಗಿದೆ."

ಮ್ಯಾನೇಜರ್ ಅವಳಿಗೆ ರಜೆ ಬರೆದುಕೊಟ್ಟರು. ಮಾಸ್ಟರ್ ತಲೆ ತಗ್ಗಿಸಿಕೊಂಡು ನಮೂನೆಯ ಕಾರ್ಡುಗಳನ್ನು ಒಂದು ಕವರಿಗೆ ಹಾಕಿ ಅವಳ ಕೈಗಿಟ್ಟರು. "ಯಾವಾಗಿಂದ ಅಂತ ಡಾಕ್ಟ್ರು ಕೇಳಬಹುದು. ತಾರೀಕು ಇದರಲ್ಲಿದೆ," ಎಂದರು.

ಹೆಂಗಸರ ಆಸ್ಪತ್ರೆಯಲ್ಲಿ ಮೊದಲು ಒಂದು ಫಾರಂ ತುಂಬಿಸಿದರು. 'ಜೊತೆಗೆ ಬಂದವರು' ಎಂಬಲ್ಲಿ ಒಂದು ಗೀಟು ಎಳೆದಳು. ಪಕ್ಕದ ಬೆಂಚಿನಲ್ಲಿ ಒಬ್ಬಳಿಗೆ ತಾಯಿ, ಗಂಡ, ನಾದಿನಿ ಮೂವರು ಕಾವಲಿದ್ದರು. ಇವಳ ಚೀಲವನ್ನು ನೋಡಿಕೊಳ್ಳುವವರೂ ಇಲ್ಲದೆ ಅದನ್ನು ಬಚ್ಚಲಿಗೂ ಹೊತ್ತುಕೊಂಡು ಹೋದಳು.

ಡಾಕ್ಟರು ಇವಳದೇ ವಯಸ್ಸಿನ ಹೆಂಗಸು. ಮಲಗಿಸಿ, ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿದರು. ಯಾವಾಗಿನಿಂದ ಎಂದು ಕೇಳಿದಾಗ ಅವಳು ಕಾರ್ಡುಗಳನ್ನು ಕೊಟ್ಟಳು.

"ಮೊದಲನೇದು ಕಾಲಿಂಚು, ಒಂಬತ್ತು ತಿಂಗಳ ಹಿಂದೆ. ಆಮೇಲೆ ಅರ್ಧ. ಆಮೇಲೆ ಮುಕ್ಕಾಲು..."

ಡಾಕ್ಟರು ಒಂದೊಂದೇ ಕಾರ್ಡು ತಿರುವಿದರು. "ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟವರನ್ನ ನಾನು ನೋಡೇ ಇಲ್ಲ. ಇದನ್ನ ನೋಡಿ ಯಾರಿಗೂ ಏನೂ ಅನಿಸಲಿಲ್ವಾ?"

"ಬರೆದಿದ್ದು ಸ್ಕರ್ಟಿಗೆ ಡಾಕ್ಟ್ರೇ," ಎಂದಳು. "ನನಗಲ್ಲ."

ಸ್ಕ್ಯಾನು, ರಕ್ತ ಪರೀಕ್ಷೆ, ಮತ್ತೊಂದು ಸ್ಕ್ಯಾನು. ನಾಲ್ಕನೇ ದಿನ ಡಾಕ್ಟರು ಬಾಗಿಲು ಹಾಕಿಕೊಂಡು ಹೇಳಿದರು. ಅಂಡಾಶಯದಲ್ಲಿ ಗಡ್ಡೆ. ಹೊಟ್ಟೆಯಲ್ಲಿ ನೀರು ತುಂಬಿದೆ. ಕ್ಯಾನ್ಸರ್ ಆಗಿರುವ ಸಂಭವವೇ ಹೆಚ್ಚು, ತೆಗೆದು ನೋಡಿದರೆ ಖಚಿತವಾಗುತ್ತದೆ.

"ಇದು ಕೂಗಿಕೊಂಡು ಬರೋ ಕಾಯಿಲೆ ಅಲ್ಲಮ್ಮ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕಾಗೋದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ. ಒಂದೊಂದಾಗಿ ನೋಡಿದ್ರೆ ಎಲ್ಲಾ ಯಾರಿಗಾದ್ರೂ ಆಗೋದೇ. ಗ್ಯಾಸು ಬರುತ್ತೆ, ಹೋಗುತ್ತೆ. ಆದ್ರೆ ಹೊಸದಾಗಿ ಶುರುವಾಗಿದ್ದು ಎರಡು ಮೂರು ವಾರ ಹೆಚ್ಚುಕಡಿಮೆ ದಿನಾ ಬಂತು ಅಂದ್ರೆ, ಅದರಲ್ಲೂ ಐವತ್ತು ದಾಟಿದ ಮೇಲೆ, ಸುಮ್ಮನಿರಬಾರದು. ಒಬ್ಬ ಡಾಕ್ಟ್ರು ಮಾತ್ರೆ ಕೊಟ್ಟು ಕಳಿಸಿದ್ರೆ ಇನ್ನೊಬ್ರ ಹತ್ರ ಹೋಗಿ 'ಅಂಡಾಶಯ ಸರಿಯಿದ್ಯಾ ನೋಡಿ' ಅಂತ ಬಾಯಿ ಬಿಟ್ಟು ಕೇಳಬೇಕು. ತೊಂದರೆ ಶುರುವಾಗೋಕೆ ಮೊದಲೇ ಹಿಡಿದುಕೊಡೋ ನಂಬಬಹುದಾದ ಪರೀಕ್ಷೆ ಇದಕ್ಕಿನ್ನೂ ಇಲ್ಲ. ಹೇಳಿದ್ರೇನೇ ಗೊತ್ತಾಗೋದು. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ? ತಾಯಿಗೆ? ಸ್ತನದ್ದು, ಅಂಡಾಶಯದ್ದು?"

ಅವಳಿಗೆ ಗೊತ್ತಿರಲಿಲ್ಲ, ಅಮ್ಮನ ಕೊನೆಗಾಲದಲ್ಲಿ ಇವಳು ಕೆಲಸಕ್ಕೆಂದು ಊರು ಬಿಟ್ಟಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನು ಮಾಡಿ ಅಮ್ಮ ಹೇಗೆ ಹೋದಳು ಎಂದು ಕೇಳಿದಳು. ತಂಗಿ ದನಿ ತಗ್ಗಿಸಿದಳು. "ಹೊಟ್ಟೆ ಊದಿತ್ತು ಅಕ್ಕ. ನೀರು ತೆಗೀತಿದ್ರು. ಚಿಕ್ಕಮ್ಮ ನನ್ನನ್ನೂ ಆಚೆ ಕಳಿಸ್ತಿದ್ಲು, ಅದನ್ನೆಲ್ಲ ಮಾತಾಡಬಾರದು ಅಂತ." ಆಮೇಲೆ ಫೋನಿನಲ್ಲೇ ಅತ್ತಳು. "ನೀನೂ ಹೋಗಿ ತೋರಿಸ್ಕೋ" ಎಂದು ಮೀಡಿಯಮ್ಮ ನಾಲ್ಕು ಸಲ ಹೇಳಿ ಆಣೆ ಮಾಡಿಸಿಕೊಂಡಳು. ಮಕ್ಕಳಿಗೆ ರಜೆ ಸಿಕ್ಕಿದ ಕೂಡಲೇ ಬರುತ್ತೇನೆಂದು ತಂಗಿ ಹೇಳಿದಳು. ರಜೆ ಸಿಗುವ ಮೊದಲೇ ಆಪರೇಷನ್ ಆಯಿತು.

ಎಚ್ಚರವಾದ ಮೂರನೇ ದಿನ ಡಾಕ್ಟರು ಮಂಚದ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕ್ಯಾನ್ಸರೇ. ಅಂಡಾಶಯ ದಾಟಿ ಹೊಟ್ಟೆಯೊಳಗೆ ಸ್ವಲ್ಪ ಹರಡಿತ್ತು, ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದಿದ್ದಾರೆ. ಇನ್ನು ಆರು ಸಲ ಔಷಧಿ ಏರಿಸಬೇಕು. "ಮೊದಲ ಕಾರ್ಡಿನ ಹೊತ್ತಿಗೆ ಬಂದಿದ್ರೆ ನಮ್ಮ ಕೆಲಸ ಸುಲಭ ಆಗಿರ್ತಿತ್ತೇನೋ. ಈಗ ಕಷ್ಟ ಇದೆ. ಆದ್ರೆ ಆಗದ ಮಾತಲ್ಲ." ವಾರ್ಡಿನ ಉಳಿದ ಐದು ಮಂಚಗಳ ಸುತ್ತ ಜನ ತುಂಬಿದ್ದರು. ಅವರಲ್ಲೊಬ್ಬರು ಕುರ್ಚಿ ಸಾಲದೆ ಅವಳ ಮಂಚದ ಪಕ್ಕದ ಖಾಲಿ ಕುರ್ಚಿಯನ್ನು, "ನಿಮಗೆ ಬೇಕಿಲ್ಲ ಅಲ್ವಾ?" ಎಂದು ಕೇಳಿ ಎತ್ತಿಕೊಂಡು ಹೋದರು.

ಹಾಗಾಗಿ ಆ ಮಧ್ಯಾಹ್ನ ಮಾಸ್ಟರ್ ಬಂದಾಗ ಕೂರಲು ಕುರ್ಚಿ ಇರಲಿಲ್ಲ. ಗೋಡೆಗೆ ಒರಗಿ ನಿಂತರು. ಬಾಯಲ್ಲಿ ಸೂಜಿ ಇಲ್ಲದ ಅವರನ್ನು ಅವಳು ನೋಡಿದ್ದೇ ಅಪರೂಪ. ಏನು ಮಾಡಬೇಕೆಂದು ಗೊತ್ತಾಗದೆ ತುಟಿ ಸುಮ್ಮನೆ ಅಲ್ಲಾಡುತ್ತಿತ್ತು.

"ಕೆಲಸ ಉಳೀತಾ ಮಾಸ್ಟ್ರೇ?" ಎಂದು ಅವಳೇ ಕೇಳಿದಳು.

"ನನ್ನದು ಉಳೀತು. ನಿಮ್ಮ ಜಾಗಕ್ಕೆ ಒಂದು ಗೊಂಬೆ ತರಿಸಿದ್ದಾರೆ. ಹತ್ತಿ ತುಂಬಿದ್ದು."

"ಅದಾದ್ರೆ ಬಚ್ಚಲಿಗೆ ಓಡಲ್ಲ," ಎಂದಳು. ಮಾಸ್ಟರ್ ನಗಲಿಲ್ಲ.

"ನನಗೆ ಗೊತ್ತಿತ್ತು ತಾಯಿ," ಎಂದರು.

"ಏನು?"

"ಬಟ್ಟೆ ಕುಗ್ಗಿರಲಿಲ್ಲ. ದಾರನೂ ಬಿಗಿ ಇರಲಿಲ್ಲ. ಎರಡನೇ ಸಲಕ್ಕೇ ಗೊತ್ತಾಯ್ತು. ಸೊಂಟ ಬಿಗೀತಿದೆ, ತೋಳು ಸಡಿಲ ಆಗ್ತಿದೆ. ನಲವತ್ತು ವರ್ಷದಲ್ಲಿ ಸಾವಿರ ಮೈ ನೋಡಿದೀನಿ. ಕೊಬ್ಬು ಬಂದ್ರೆ ಎಲ್ಲಾ ಕಡೆ ಬರುತ್ತೆ. ಇದು ಕೊಬ್ಬಲ್ಲ ಅನ್ನಿಸ್ತು. ಆದ್ರೆ ಒಬ್ಬ ಹೆಣ್ಣುಮಗಳ ಹೊಟ್ಟೆ ವಿಷಯ ಗಂಡಸು ಹೇಗೆ ಕೇಳೋದು? ನಿಮಗೆ ನಾಚಿಕೆ ಆಗುತ್ತೆ, ಪೀಠ ಹೋಗುತ್ತೆ ಅಂತ... ನಮೂನೇನೇ ಹಿಗ್ಗಿಸ್ತಾ ಹೋದೆ."

ಅವಳಿಗೆ ಒಳಗಿಂದ ಸಿಟ್ಟು ಉಕ್ಕಿ ಬಂತು, ಹೊಲಿಗೆ ಹಾಕಿದ ಹೊಟ್ಟೆ ಎಳೆದು ಹಿಡಿಯಿತು.

"ನಿಮ್ಮ ಮರ್ಯಾದೆಗೆ ಬೆಂಕಿ ಬೀಳ! ನಾಲ್ಕು ಸಾವಿರ ಸ್ಕರ್ಟು ಹಾಳು ಮಾಡೋಕೆ ಧೈರ್ಯ ಇತ್ತು, ಒಂದು ಮಾತು ಕೇಳೋಕೆ ಇರಲಿಲ್ವಾ? ಒಂಬತ್ತು ತಿಂಗಳು ಮಾಸ್ಟ್ರೇ! ದಿನಾ ಸೊಂಟಕ್ಕೆ ಕೈ ಹಚ್ಚಿದ್ರಿ!"

ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಮಾಸ್ಟರ್ ಎರಡೂ ಕೈ ಕಟ್ಟಿಕೊಂಡು ಬೈಗುಳವನ್ನು ತೆಗೆದುಕೊಂಡರು. ಕಣ್ಣಲ್ಲಿ ನೀರು ನಿಂತಿತ್ತು, ಒರೆಸಿಕೊಳ್ಳಲಿಲ್ಲ.

"ಕೇಳಬೇಕಿತ್ತು," ಎಂದರು. "ತಪ್ಪಾಯ್ತು."

ಅವಳ ಸಿಟ್ಟು ಇಳಿಯುತ್ತ ಇಳಿಯುತ್ತ ಇನ್ನೊಂದು ನಿಜ ಮೇಲೆ ಬಂತು. ಕೇಳಿದ್ದರೆ ತಾನು ಏನು ಹೇಳುತ್ತಿದ್ದಳು? ಗ್ಯಾಸು ಎನ್ನುತ್ತಿದ್ದಳು. ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ಯಾರಿಗಾದರೂ ತನಗೆ ಹೀಗಾಗುತ್ತಿದೆ ಎಂದು ನೆಟ್ಟಗೆ ಹೇಳಿದ್ದುಂಟೇ? ಅಮ್ಮನೂ ಹೇಳಿರಲಿಕ್ಕಿಲ್ಲ.

"ಈಗ ಕೇಳಿ," ಎಂದಳು.

"ಏನು?"

"ಅವತ್ತು ಕೇಳಬೇಕಾಗಿದ್ದನ್ನ. ಈಗ ಕೇಳಿ. ನಾನು ಸರಿಯಾಗಿ ಉತ್ತರ ಕೊಡ್ತೀನಿ."

ಐದು ಮಂಚದವರೂ ಕೇಳಿಸಿಕೊಳ್ಳುತ್ತಿದ್ದರು. ಮಾಸ್ಟರ್ ಕಿವಿ ಕೆಂಪಾಗಿತ್ತು.

"ಹೊಟ್ಟೆ... ಹೊಟ್ಟೆ ಹೇಗಿದೆ ತಾಯಿ?"

"ನೋವಿದೆ ಮಾಸ್ಟ್ರೇ," ಎಂದಳು ಅವಳು. "ತುಂಬಾ ನೋವಿದೆ. ಒಬ್ಬಳಿಗೇ ಹೆದರಿಕೆ ಆಗ್ತಿದೆ, ಸ್ವಲ್ಪ ಹೊತ್ತು ಇಲ್ಲೇ ಇರಿ."